ನಾಲಿಗೆ ನೋಡುವ ಚೀನೀ ವೈದ್ಯರಿಗೆ ಜೊಲ್ಲಿನ ಪ್ರೋಟೀನ್ ಸಾಕ್ಷಿ ಹೇಳುತ್ತದೆಯೇ?

ಸ್ವಲ್ಪ ಜೊಲ್ಲು ಕೊಟ್ಟರೆ ಸಾಕು, ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ಚೀನೀ ವೈದ್ಯರು ಹೇಳಿಬಿಡುತ್ತಾರೆ. ಈ ಥರದ ಸುದ್ದಿ ಮೊಬೈಲಿನಲ್ಲಿ ಆಗಾಗ ಹರಿದಾಡುತ್ತದೆ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿದ್ದರೆ ಅದನ್ನು ಹುಡುಕಿ ಕಳಿಸುವ ನೆಂಟರೂ ಜಾಸ್ತಿ. ಕೆಲವರು ನಂಬುತ್ತಾರೆ, ಕೆಲವರು ಬುರುಡೆ ಅನ್ನುತ್ತಾರೆ.

ಚೀನಾದ ಪ್ರಯೋಗಾಲಯಗಳಲ್ಲಿ ಜೊಲ್ಲಿನ ಮೇಲೆ ಕೆಲಸ ನಡೆಯುತ್ತಿರುವುದು ನಿಜ. ಆದರೆ ಅಲ್ಲಿ ಕೇಳುತ್ತಿರುವ ಪ್ರಶ್ನೆ ಈ ಸುದ್ದಿಯಲ್ಲಿ ಇರುವುದಲ್ಲ. ರೋಗಿಗೆ ಕ್ಯಾನ್ಸರ್ ಇದೆ ಅಂತ ಬಯಾಪ್ಸಿ ಮಾಡಿ ಆಗಲೇ ಗೊತ್ತಾಗಿರುತ್ತದೆ. ಆಮೇಲೆ ಚೀನೀ ವೈದ್ಯರು, ಅಂದರೆ ಚೀನಾದ ಸಾಂಪ್ರದಾಯಿಕ ಪದ್ಧತಿಯ ವೈದ್ಯರು, ಅದೇ ರೋಗಿಯ ನಾಲಿಗೆ, ನಾಡಿ ನೋಡಿ ಅವರನ್ನು ತಮ್ಮದೇ ಒಂದು ಗುಂಪಿಗೆ ಸೇರಿಸುತ್ತಾರೆ. ಒಂದೇ ಕ್ಯಾನ್ಸರ್ ಇರುವ ಇಬ್ಬರು ಬೇರೆ ಬೇರೆ ಗುಂಪಿಗೆ ಹೋಗಬಹುದು. ಈ ಗುಂಪುಗಳಿಗೆ ದೇಹದೊಳಗೆ ಏನಾದರೂ ಆಧಾರ ಇದೆಯೇ? ಇದ್ದರೆ ಅದು ಜೊಲ್ಲಿನ ಪ್ರೋಟೀನುಗಳಲ್ಲಿ ಕಾಣಿಸುತ್ತದೆಯೇ? ಅಲ್ಲಿನ ಸಂಶೋಧಕರ ಪ್ರಶ್ನೆ ಇಷ್ಟೇ.

ಇದು ಅರ್ಥವಾಗಬೇಕಾದರೆ ಜೊಲ್ಲಿನಲ್ಲಿ ಏನಿದೆ, ಚೀನೀ ವೈದ್ಯರು ಏನು ನೋಡುತ್ತಾರೆ, ಇವೆರಡನ್ನೂ ಲ್ಯಾಬಿನಲ್ಲಿ ಹೇಗೆ ಹೊಂದಿಸುತ್ತಾರೆ ಅನ್ನುವುದು ಗೊತ್ತಿರಬೇಕು.

ಜೊಲ್ಲಿನಲ್ಲಿ ಏನಿದೆ

ನಾಲಿಗೆಯ ತುದಿಯನ್ನು ಕೆನ್ನೆಯ ಒಳಬದಿಗೆ, ಮೇಲಿನ ದವಡೆ ಹಲ್ಲಿನ ಹತ್ತಿರ ಒತ್ತಿ ನೋಡಿ. ಒಂದು ಪುಟ್ಟ ಗುಬುಟು ಸಿಗುತ್ತದೆ. ಕಿವಿಯ ಮುಂದೆ ಇರುವ ದೊಡ್ಡ ಗ್ರಂಥಿಯಿಂದ ಜೊಲ್ಲು ಬಾಯಿಗೆ ಬರುವ ಬಾಗಿಲು ಅದೇ. ಇಂಥ ದೊಡ್ಡ ಗ್ರಂಥಿಗಳು ಮೂರು ಜೊತೆ ಇವೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ. ಇವಲ್ಲದೆ ತುಟಿ, ಕೆನ್ನೆ, ಅಂಗುಳಿನ ತುಂಬಾ ನೂರಾರು ಸಣ್ಣ ಗ್ರಂಥಿಗಳಿವೆ. ಎಲ್ಲ ಸೇರಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತವೆ.

ಅದರಲ್ಲಿ 99%ಕ್ಕೂ ಜಾಸ್ತಿ ಬರೀ ನೀರು. ಉಳಿದ ಚೂರುಪಾರಿನಲ್ಲಿ ಉಪ್ಪು, ಬಾಯಿಯ ಉದುರಿದ ಜೀವಕೋಶಗಳು, ಬ್ಯಾಕ್ಟೀರಿಯಾ ಮತ್ತು ಪ್ರೋಟೀನುಗಳು ಇರುತ್ತವೆ. ಪ್ರೋಟೀನ್ ಅಂದ ತಕ್ಷಣ ಬೇಳೆ, ಮೊಟ್ಟೆ ನೆನಪಾಗುತ್ತದೆ, ಅಲ್ವಾ? ಇಲ್ಲಿ ಹೇಳುತ್ತಿರುವುದು ದೇಹ ತನ್ನ ಕೆಲಸಕ್ಕೆ ತಾನೇ ತಯಾರಿಸಿಕೊಳ್ಳುವ ಅಣುಗಳ ಬಗ್ಗೆ. ಒಂದೊಂದಕ್ಕೆ ಒಂದೊಂದು ಕೆಲಸ. ಅಮೈಲೇಸ್ ಅನ್ನದಲ್ಲಿರುವ ಗಂಜಿಯನ್ನು, ಅಂದರೆ ಪಿಷ್ಟವನ್ನು, ಸಕ್ಕರೆಯಾಗಿ ಒಡೆಯುತ್ತದೆ. ಅನ್ನವನ್ನು ಚೆನ್ನಾಗಿ ಅಗಿದರೆ ಬಾಯಲ್ಲೇ ಸಿಹಿಯಾಗುವುದು ಅದರಿಂದಲೇ. ಮ್ಯೂಸಿನ್ ಜೊಲ್ಲಿಗೆ ಲೋಳೆ ಕೊಡುತ್ತದೆ. ಲೈಸೋಜೈಮ್ ಬ್ಯಾಕ್ಟೀರಿಯಾದ ಗೋಡೆ ಒಡೆಯುತ್ತದೆ. ಹಿಸ್ಟಾಟಿನ್ ಬೂಷ್ಟನ್ನು, ಅಂದರೆ ಶಿಲೀಂಧ್ರವನ್ನು, ತಡೆಯುತ್ತದೆ.

2008ರಲ್ಲಿ ಅಮೆರಿಕದ ಮೂರು ಸಂಶೋಧನಾ ತಂಡಗಳು ಸೇರಿ ಗ್ರಂಥಿಗಳಿಂದ ನೇರವಾಗಿ ತೆಗೆದ ಜೊಲ್ಲಿನಲ್ಲಿ 1,166 ಪ್ರೋಟೀನುಗಳ ಪಟ್ಟಿ ಮಾಡಿದವು. ಆಮೇಲೆ ಆ ಪಟ್ಟಿ ಇನ್ನೂ ಉದ್ದವಾಗಿದೆ. ಅದರಲ್ಲಿ ಒಂದಷ್ಟು ರಕ್ತದಲ್ಲೂ ಸಿಗುವಂಥವು. ಸಂಶೋಧಕರ ಕುತೂಹಲಕ್ಕೆ ಇದೇ ಕಾರಣ.

ದೇಹದ ಸುದ್ದಿ ಬಾಯಿಗೆ ಬರುವುದು ಹೇಗೆ

ಗ್ರಂಥಿಗಳ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆಯಿದೆ. ಜೊಲ್ಲಿನ ನೀರು ಬರುವುದೇ ಆ ರಕ್ತದಿಂದ. ನೀರಿನ ಜೊತೆಗೆ ಕೆಲವು ಸಣ್ಣ ಅಣುಗಳು ಸೋಸಿಕೊಂಡು ಬರುತ್ತವೆ. ಕೆಲವನ್ನು ಗ್ರಂಥಿಯ ಜೀವಕೋಶಗಳೇ ಎಳೆದುಕೊಂಡು ಈಚೆ ದಾಟಿಸುತ್ತವೆ. ಹಲ್ಲು ಮತ್ತು ವಸಡಿನ ನಡುವಿನ ಸಂದಿಯಲ್ಲೂ ರಕ್ತದ ದ್ರವ ಸ್ವಲ್ಪ ಸ್ವಲ್ಪ ಜಿನುಗುತ್ತಲೇ ಇರುತ್ತದೆ.

ಈ ದಾರಿಯನ್ನು ನಂಬಿಕೊಂಡು ಈಗಾಗಲೇ ನಡೆಯುತ್ತಿರುವ ಪರೀಕ್ಷೆಯೊಂದಿದೆ. ಎಚ್‌ಐವಿ ಸೋಂಕಿಗೆ ದೇಹ ತಯಾರಿಸುವ ಪ್ರತಿಕಾಯಗಳೂ ಪ್ರೋಟೀನುಗಳೇ. ವಸಡಿನ ಮೇಲೆ ಒಂದು ಕಡ್ಡಿ ಸವರಿ ಅವನ್ನು ಹುಡುಕುವ ಒರಾಕ್ವಿಕ್ ಎಂಬ ಪರೀಕ್ಷೆಗೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. 2012ರಿಂದ ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಕೋವಿಡ್ ಕಾಲದ ಜೊಲ್ಲಿನ ಪರೀಕ್ಷೆ ನೆನಪಿರಬಹುದು. ಅದು ಹುಡುಕಿದ್ದು ವೈರಸ್ಸಿನ ಆರ್‌ಎನ್‌ಎಯನ್ನು. ಹಾಗಾಗಿ ಅದರ ಕಥೆ ಬೇರೆ.

ಎಚ್‌ಐವಿ ಪರೀಕ್ಷೆ ಗೆದ್ದದ್ದು ಸುಲಭದ ಕಾರಣಕ್ಕೆ. ಸೋಂಕಿಲ್ಲದವರಲ್ಲಿ ಆ ಪ್ರತಿಕಾಯ ಇರುವುದೇ ಇಲ್ಲ. ಸೋಂಕಿದ್ದವರಲ್ಲಿ ಇರುತ್ತದೆ. ಇದೆಯೋ ಇಲ್ಲವೋ ಅಂತ ನೋಡಿದರೆ ಆಯಿತು. ಕ್ಯಾನ್ಸರಿನಲ್ಲಿ ಹಾಗಲ್ಲ. ಅದು ನಮ್ಮದೇ ಜೀವಕೋಶ. ಅದು ಬಿಡುವ ಪ್ರೋಟೀನುಗಳೂ ಹೆಚ್ಚಿನಂಶ ಆರೋಗ್ಯವಂತರಲ್ಲಿ ಇರುವಂಥವೇ. ಬದಲಾಗುವುದು ಪ್ರಮಾಣ ಮಾತ್ರ. ಅದೂ ಹೊಟ್ಟೆಯಲ್ಲೋ ಯಕೃತ್ತಿನಲ್ಲೋ ಇರುವ ಗಡ್ಡೆಯ ಸುಳಿವು ರಕ್ತಕ್ಕೆ ಸೇರಿ, ಅಲ್ಲಿಂದ ಜೊಲ್ಲಿಗೆ ಬರುವಷ್ಟರಲ್ಲಿ ತೀರಾ ತೆಳುವಾಗಿರುತ್ತದೆ.

ಚೀನೀ ವೈದ್ಯರು ಹುಡುಕುವ ಝೆಂಗ್

ಈಗ ಇನ್ನೊಂದು ಕಡೆಗೆ ಬರೋಣ. ಸಾಂಪ್ರದಾಯಿಕ ಚೀನೀ ವೈದ್ಯದಲ್ಲಿ ಪರೀಕ್ಷೆಗೆ ನಾಲ್ಕು ದಾರಿ. ನೋಡುವುದು, ಕೇಳಿಸಿಕೊಳ್ಳುವುದರ ಜೊತೆಗೆ ವಾಸನೆ ಹಿಡಿಯುವುದು, ಪ್ರಶ್ನೆ ಕೇಳುವುದು, ಮುಟ್ಟಿ ನೋಡುವುದು. ನೋಡುವುದರಲ್ಲಿ ನಾಲಿಗೆಗೆ ದೊಡ್ಡ ಸ್ಥಾನ. ತುದಿ ಹೃದಯದ್ದು, ಅಂಚುಗಳು ಯಕೃತ್ತಿನವು, ನಡುಭಾಗ ಜೀರ್ಣಶಕ್ತಿಯದು, ಬುಡ ಮೂತ್ರಪಿಂಡದ್ದು ಅನ್ನುವುದು ಅವರ ಲೆಕ್ಕ. ನಾಲಿಗೆ ಕೆಂಪಗಿದೆಯೇ, ಬಿಳಿಚಿದೆಯೇ, ಅಂಚಿನಲ್ಲಿ ಹಲ್ಲಿನ ಗುರುತಿದೆಯೇ, ಮೇಲಿನ ಪದರ ತೆಳ್ಳಗಿದೆಯೇ, ಹಳದಿ ಜಿಡ್ಡಾಗಿದೆಯೇ ಎಂದೆಲ್ಲ ನೋಡುತ್ತಾರೆ. ಮುಟ್ಟಿ ನೋಡುವುದು ಅಂದರೆ ಮುಖ್ಯವಾಗಿ ನಾಡಿ. ಎರಡೂ ಮಣಿಕಟ್ಟಿನಲ್ಲಿ ಮೂರು ಮೂರು ಜಾಗದಲ್ಲಿ ಬೆರಳಿಟ್ಟು ನೋಡುತ್ತಾರೆ.

ಇದೆಲ್ಲ ಸೇರಿಸಿ ವೈದ್ಯರು ಒಂದು ತೀರ್ಮಾನಕ್ಕೆ ಬರುತ್ತಾರೆ. ಅದಕ್ಕೆ ಝೆಂಗ್ ಅನ್ನುತ್ತಾರೆ. ಝೆಂಗ್ ಅಂದರೆ ರೋಗದ ಹೆಸರಲ್ಲ. ಈ ಹೊತ್ತಿಗೆ ಈ ರೋಗಿಯ ದೇಹ ಯಾವ ಸ್ಥಿತಿಯಲ್ಲಿದೆ ಅನ್ನುವ ವಿವರಣೆ. ಹೊಟ್ಟೆ ಕ್ಯಾನ್ಸರ್ ಇರುವ ಒಬ್ಬರಿಗೆ ಸುಸ್ತು, ಹಸಿವಿಲ್ಲ, ಮಲ ತೆಳು, ನಾಲಿಗೆ ಬಿಳಿಚಿಕೊಂಡಿದೆ. ಇದನ್ನು ಗುಲ್ಮದ (ಸ್ಪ್ಲೀನ್) 'ಛೀ' ಕೊರತೆ ಅನ್ನುತ್ತಾರೆ. ಛೀ ಅಂದರೆ ದೇಹವನ್ನು ನಡೆಸುವ ಶಕ್ತಿ ಅನ್ನುವುದು ಅವರ ನಂಬಿಕೆ. ಇನ್ನೊಬ್ಬರಿಗೂ ಅದೇ ಕ್ಯಾನ್ಸರ್. ಆದರೆ ಬಾಯಿ ಒಣಗುತ್ತದೆ, ಅಂಗೈ ಅಂಗಾಲು ಬಿಸಿ, ರಾತ್ರಿ ಬೆವರು, ನಾಲಿಗೆ ಕೆಂಪು, ಪದರ ಕಡಿಮೆ. ಇದು 'ಯಿನ್' ಕೊರತೆ, ಅಂದರೆ ತಂಪು ಮತ್ತು ತೇವ ಕಡಿಮೆಯಾಗಿರುವುದು.

ಗುಂಪು ಬೇರೆಯಾದರೆ ಕಷಾಯವೂ ಬೇರೆ. ಮೊದಲನೆಯವರಿಗೆ 'ನಾಲ್ವರು ಸಜ್ಜನರು' ಅನ್ನುವ ಹೆಸರಿನ ಕಷಾಯ ಕೊಡಬಹುದು. ಜಿನ್ಸೆಂಗ್, ಜ್ಯೇಷ್ಠಮಧುವಿನ ಜೊತೆ ಇನ್ನೆರಡು ಸೇರಿದ ಹಳೆಯ ಯೋಗ ಅದು. ಎರಡನೆಯವರಿಗೆ ಅದನ್ನು ಕೊಡುವುದಿಲ್ಲ. ಒಂದೇ ರೋಗಕ್ಕೆ ಬೇರೆ ಚಿಕಿತ್ಸೆ, ಬೇರೆ ರೋಗಕ್ಕೆ ಒಂದೇ ಚಿಕಿತ್ಸೆ ಅನ್ನುವ ಮಾತು ಅಲ್ಲಿ ವೈದ್ಯ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ.

ಒಂದು ಎಚ್ಚರಿಕೆ. ಅವರು ಗುಲ್ಮ ಅಂದಾಗ ಹೊಟ್ಟೆಯ ಎಡಗಡೆ ಇರುವ, ಸ್ಕ್ಯಾನಿನಲ್ಲಿ ಕಾಣುವ ಗುಲ್ಮವನ್ನೇ ಹೇಳುತ್ತಿಲ್ಲ. ಉಂಡದ್ದನ್ನು ಅರಗಿಸಿ ಶಕ್ತಿ ಮಾಡುವ ಕೆಲಸಕ್ಕೆಲ್ಲ ಒಟ್ಟಾಗಿ ಆ ಹೆಸರು. ಇದು ತಿಳಿಯದೆ ಓದಿದರೆ ಮುಂದಿನದೆಲ್ಲ ಗೋಜಲಾಗುತ್ತದೆ.

ಚೀನಾದಲ್ಲಿ ಇದು ಯಾವುದೋ ಮೂಲೆಯ ನಾಟಿ ಮದ್ದಲ್ಲ. ಬೀಜಿಂಗಿನ ಗುವಾಂಗ್‌ಆನ್‌ಮೆನ್ ಆಸ್ಪತ್ರೆಯಂಥ ಕಡೆ ಚೀನೀ ವೈದ್ಯ ಪದ್ಧತಿಯ ಕ್ಯಾನ್ಸರ್ ವಿಭಾಗವೇ ಇದೆ. ಕೀಮೋ ನಡೆಯುವಾಗಲೇ ಕಷಾಯವನ್ನೂ ಕುಡಿಯುವವರು ಅಲ್ಲಿ ತುಂಬಾ ಜನ. ರೋಗಿಗಳಿಗೂ ಬರವಿಲ್ಲ. 2022ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಹೊಟ್ಟೆ ಕ್ಯಾನ್ಸರ್ ಕಾಣಿಸಿಕೊಂಡ ಸುಮಾರು 9.7 ಲಕ್ಷ ಜನರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಚೀನಾದವರು.

ಜೊಲ್ಲೇ ಯಾಕೆ

ರಕ್ತ ಪರೀಕ್ಷೆ ಇರುವಾಗ ಜೊಲ್ಲಿನ ಹಿಂದೆ ಬಿದ್ದದ್ದು ಯಾಕೆ? ಒಂದು, ಸೂಜಿ ಬೇಡ. ಕೀಮೋ ತೆಗೆದುಕೊಂಡು ನರ ಸಿಗದೆ ಒದ್ದಾಡುವ ರೋಗಿಗಳಿಗೆ ಇದು ಸಣ್ಣ ಮಾತಲ್ಲ. ಎರಡು, ಝೆಂಗ್ ವಾರವಾರಕ್ಕೆ ಬದಲಾಗಬಹುದು ಅನ್ನುತ್ತಾರೆ. ಹಾಗಾದರೆ ಪದೇ ಪದೇ ನೋಡಬೇಕು. ಜೊಲ್ಲನ್ನು ಎಷ್ಟು ಸಲ ಬೇಕಾದರೂ ತೆಗೆಯಬಹುದು.

ಮೂರನೆಯ ಕಾರಣ ಅವರ ಗ್ರಂಥಗಳಲ್ಲೇ ಇದೆ. ಸುಮಾರು ಎರಡು ಸಾವಿರ ವರ್ಷದ ಹಿಂದಿನ 'ಹುವಾಂಗ್‌ಡಿ ನೇಜಿಂಗ್' ಎಂಬ ವೈದ್ಯಗ್ರಂಥ ದೇಹದ ಐದು ದ್ರವಗಳನ್ನು ಐದು ಅಂಗಗಳಿಗೆ ಹಂಚುತ್ತದೆ. ಬೆವರು ಹೃದಯಕ್ಕೆ, ಸಿಂಬಳ ಶ್ವಾಸಕೋಶಕ್ಕೆ, ಕಣ್ಣೀರು ಯಕೃತ್ತಿಗೆ. ಜೊಲ್ಲಿನಲ್ಲಿ ತೆಳುವಾದದ್ದು ಗುಲ್ಮಕ್ಕೆ, ಗಟ್ಟಿಯಾದದ್ದು ಮೂತ್ರಪಿಂಡಕ್ಕೆ. ಹಾಗಾಗಿ ಗುಲ್ಮದ ಕೊರತೆಯನ್ನು ಜೊಲ್ಲಿನಲ್ಲಿ ಹುಡುಕುವುದು ಚೀನೀ ವೈದ್ಯರಿಗೆ ಸಹಜವಾಗಿ ಬಂದ ಯೋಚನೆ.

ಇದು ಇವತ್ತಿನ ಯೋಚನೆಯೂ ಅಲ್ಲ. ಗುವಾಂಗ್‌ಝೌ ನಗರದ ಸಂಶೋಧಕರು 1980ರ ದಶಕದಲ್ಲೇ ಇಂಥ ಪ್ರಯೋಗ ಮಾಡುತ್ತಿದ್ದರು. ಮೊದಲು ಜೊಲ್ಲು ತೆಗೆದು ಅಮೈಲೇಸ್ ಎಷ್ಟು ಚುರುಕಾಗಿದೆ ಅಂತ ಅಳೆಯುವುದು. ಆಮೇಲೆ ನಾಲಿಗೆಗೆ ನಿಂಬೆಯ ಹುಳಿ, ಅಂದರೆ ಸಿಟ್ರಿಕ್ ಆಮ್ಲ ಮುಟ್ಟಿಸಿ ಮತ್ತೆ ಅಳೆಯುವುದು. ಹುಳಿ ತಾಗಿದಾಗ ಆರೋಗ್ಯವಂತರಲ್ಲಿ ಅಮೈಲೇಸ್ ಚುರುಕಾಗುತ್ತದೆ. ಗುಲ್ಮದ ಕೊರತೆ ಅಂತ ವೈದ್ಯರು ಗುರುತಿಸಿದವರಲ್ಲಿ ಅದು ಏರುವ ಬದಲು ಇಳಿಯುತ್ತದೆ ಅಂತ ಅವರು ಬರೆದರು. ನೋಡಿ, ಯಂತ್ರ ಹೆಚ್ಚೇನೂ ಇಲ್ಲ. ಹುಳಿಯೊಂದು, ಅಳತೆ ಎರಡು. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಪ್ರಯೋಗ ಇದು. ಕಾರಣ, ಒಬ್ಬ ಮನುಷ್ಯನನ್ನು ಅವನ ಜೊತೆಗೇ ಹೋಲಿಸಿದರು.

ಅದರ ಮಹತ್ವ ಆಮೇಲೆ ಇನ್ನಷ್ಟು ಗೊತ್ತಾಯಿತು. ಜೊಲ್ಲಿನ ಅಮೈಲೇಸ್ ತಯಾರಿಸುವ ಜೀನ್ ಎಲ್ಲರಲ್ಲೂ ಒಂದೇ ಸಂಖ್ಯೆಯಲ್ಲಿ ಇರುವುದಿಲ್ಲ. ಕೆಲವರಲ್ಲಿ ಅದರ ಪ್ರತಿಗಳು ಜಾಸ್ತಿ, ಕೆಲವರಲ್ಲಿ ಕಡಿಮೆ. ಹಿಂದಿನಿಂದ ಅನ್ನ, ಗೆಡ್ಡೆ ಥರದ ಗಂಜಿಯ ಆಹಾರ ಜಾಸ್ತಿ ತಿಂದ ಜನಾಂಗಗಳಲ್ಲಿ ಸರಾಸರಿ ಹೆಚ್ಚು ಅಂತ 2007ರ ಒಂದು ಅಧ್ಯಯನ ತೋರಿಸಿತು. ಅಂದರೆ ಒಬ್ಬರ ಅಮೈಲೇಸ್ ಇನ್ನೊಬ್ಬರಿಗಿಂತ ಕಡಿಮೆಯಿದ್ದರೆ ಅದು ಕಾಯಿಲೆಯ ಗುರುತೇ ಆಗಬೇಕಿಲ್ಲ, ಹುಟ್ಟಿನಿಂದ ಬಂದದ್ದೂ ಇರಬಹುದು.

ಸಾವಿರ ಪ್ರೋಟೀನುಗಳನ್ನು ಗುರುತಿಸುವುದು ಹೇಗೆ

ಮೊದಲು ಜೊಲ್ಲು ಹಿಡಿಯಬೇಕು. ಸಾಮಾನ್ಯವಾಗಿ ಬೆಳಗಿನ ಹೊತ್ತು. ಅದಕ್ಕೆ ಕಡಿಮೆಯೆಂದರೂ ಒಂದು ಗಂಟೆ ಮುಂಚಿನಿಂದ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಹಲ್ಲುಜ್ಜುವಂತಿಲ್ಲ. ಬಾಯಿ ಮುಕ್ಕಳಿಸಿ, ತಲೆ ಬಗ್ಗಿಸಿ, ತಾನಾಗಿ ಸೇರುವ ಜೊಲ್ಲನ್ನು ಕೊಳವೆಗೆ ಇಳಿಬಿಡಬೇಕು. ಕ್ಯಾಕರಿಸಿ ಉಗುಳಿದರೆ ಗಂಟಲಿನ ಕಫ ಬೆರೆಯುತ್ತದೆ. ಕೊಳವೆ ಮಂಜುಗಡ್ಡೆಯ ಮೇಲೆ ಇರಬೇಕು. ಜೊಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ಕಿಣ್ವಗಳು ಪ್ರೋಟೀನುಗಳನ್ನು ತಿಂದು ಹಾಕುತ್ತಲೇ ಇರುತ್ತವೆ. ಆಮೇಲೆ ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಜೀವಕೋಶ, ಕಸವನ್ನೆಲ್ಲ ತಳಕ್ಕಿಳಿಸಿ, ತಿಳಿಯನ್ನು ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ.

ಮುಂದಿನ ಕೆಲಸ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದ್ದು. ಅದು ಅಣುಗಳ ತೂಕ ನೋಡುತ್ತದೆ. ಇಡೀ ಪ್ರೋಟೀನ್ ದೊಡ್ಡದು, ತೂಗುವುದು ಕಷ್ಟ. ಅದಕ್ಕೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ತುಂಡು ಮಾಡುತ್ತಾರೆ. ಟ್ರಿಪ್ಸಿನ್ ಕಂಡಕಂಡಲ್ಲಿ ಕತ್ತರಿಸುವುದಿಲ್ಲ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಅದರಲ್ಲಿ ಲೈಸಿನ್ ಅಥವಾ ಆರ್ಜಿನಿನ್ ಎಂಬ ಅಮೈನೋ ಆಮ್ಲ ಬಂದ ಕಡೆ ಮಾತ್ರ ಕತ್ತರಿಸುತ್ತದೆ. ಹಾಗಾಗಿ ಯಾವ ಪ್ರೋಟೀನಿನಿಂದ ಯಾವ್ಯಾವ ತುಂಡು ಬರಬೇಕು ಅಂತ ಮೊದಲೇ ಲೆಕ್ಕ ಹಾಕಿಡಬಹುದು. ಹತ್ತಾರು ಲಗ್ನಪತ್ರಿಕೆಗಳನ್ನು ಹರಿದು ಒಂದೇ ಚೀಲಕ್ಕೆ ಹಾಕಿದ್ದಾರೆ ಅಂದುಕೊಳ್ಳಿ. ಒಂದು ಚೂರಿನಲ್ಲಿ ವರನ ಅರ್ಧ ಹೆಸರು, ಇನ್ನೊಂದರಲ್ಲಿ ಛತ್ರದ ವಿಳಾಸ ಸಿಕ್ಕರೆ ಯಾರ ಮದುವೆ ಅಂತ ಊರಿನವರು ಹೇಳಿಬಿಡುತ್ತಾರೆ. ಕಂಪ್ಯೂಟರ್ ಮಾಡುವುದೂ ಅದನ್ನೇ. ತುಂಡುಗಳ ತೂಕ ನೋಡಿ, ಪಟ್ಟಿಯ ಜೊತೆ ತಾಳೆ ಹಾಕಿ, ಇಂಥ ಪ್ರೋಟೀನ್ ಇಷ್ಟಿತ್ತು ಅನ್ನುತ್ತದೆ.

ತೊಂದರೆ ಒಂದಿದೆ. ಜೊಲ್ಲಿನ ಪ್ರೋಟೀನಿನಲ್ಲಿ ಅಮೈಲೇಸಿನದೇ ದೊಡ್ಡ ಪಾಲು. ನಮಗೆ ಬೇಕಾದ ಅಪರೂಪದ್ದು ಅದರ ಗದ್ದಲದಲ್ಲಿ ಮುಚ್ಚಿಹೋಗುತ್ತದೆ.

ಹಲಸಿನ ಬೀಜ ಲ್ಯಾಬಿಗೆ ಬಂತು

ಪ್ರೋಟೀನಿನ ಪ್ರಮಾಣ ಅಳೆಯುವುದು ಒಂದು ದಾರಿ. ಅದರ ಮೇಲೆ ಅಂಟಿಕೊಂಡಿರುವ ಸಕ್ಕರೆಯ ಸರಗಳನ್ನು ನೋಡುವುದು ಇನ್ನೊಂದು. ಜೊಲ್ಲಿನ ಬಹಳಷ್ಟು ಪ್ರೋಟೀನುಗಳ ಮೈಮೇಲೆ ಇಂಥ ಸರಗಳಿವೆ. ಯಕೃತ್ತು ಕೆಟ್ಟಾಗ, ಗಡ್ಡೆ ಬೆಳೆದಾಗ ಈ ಸರಗಳ ಕೊಂಡಿ ಬದಲಾಗುವುದುಂಟು. ಪ್ರೋಟೀನ್ ಅದೇ, ಉಡುಗೆ ಬೇರೆ.

ಇದನ್ನು ಹಿಡಿಯಲು ಬಳಸುವ ವಸ್ತುಗಳಿಗೆ ಲೆಕ್ಟಿನ್ ಅನ್ನುತ್ತಾರೆ. ಗಿಡಗಳಲ್ಲಿ, ಅದರಲ್ಲೂ ಬೀಜಗಳಲ್ಲಿ ಸಿಗುವ ಪ್ರೋಟೀನುಗಳಿವು. ಒಂದೊಂದು ಲೆಕ್ಟಿನ್ ಒಂದೊಂದು ಥರದ ಸಕ್ಕರೆಗೆ ಮಾತ್ರ ಅಂಟುತ್ತದೆ. ಕಡಲೆಕಾಯಿಯದು ಒಂದಕ್ಕೆ, ಗೋಧಿ ಮೊಳಕೆಯದು ಇನ್ನೊಂದಕ್ಕೆ. ನಮ್ಮ ಹಲಸಿನ ಬೀಜದಲ್ಲೂ ಒಂದಿದೆ. ಅದರ ಹೆಸರು ಜಕಾಲಿನ್. ಹತ್ತಾರು ಲೆಕ್ಟಿನ್‌ಗಳನ್ನು ಗಾಜಿನ ಪಟ್ಟಿಯ ಮೇಲೆ ಚುಕ್ಕೆ ಚುಕ್ಕೆಯಾಗಿ ಇಟ್ಟು, ಹೊಳೆಯುವ ಬಣ್ಣ ಕಟ್ಟಿದ ಜೊಲ್ಲನ್ನು ಮೇಲೆ ಹಾಯಿಸುತ್ತಾರೆ. ಯಾವ ಚುಕ್ಕೆ ಎಷ್ಟು ಹೊಳೆಯಿತು ಅನ್ನುವುದೇ ಆ ಮನುಷ್ಯನ ಜೊಲ್ಲಿನ ಸಕ್ಕರೆ ನಕ್ಷೆ. ಶಿಆನ್ ನಗರದ ನಾರ್ತ್‌ವೆಸ್ಟ್ ಯೂನಿವರ್ಸಿಟಿಯ ತಂಡ ಹೊಟ್ಟೆ ಕ್ಯಾನ್ಸರ್ ಮತ್ತು ಯಕೃತ್ತಿನ ಕಾಯಿಲೆಗಳಲ್ಲಿ ಜೊಲ್ಲನ್ನು ಹೀಗೆ ಪರೀಕ್ಷಿಸಿದೆ. ಇದೇ ವಿಧಾನವನ್ನು ಒಂದೇ ಕಾಯಿಲೆಯ ಬೇರೆ ಬೇರೆ ಝೆಂಗ್ ಗುಂಪುಗಳಿಗೂ ಹಚ್ಚಿ ನೋಡಬಹುದು.

ಇಲ್ಲೂ ಹುಟ್ಟಿನ ಗೊಡವೆ ತಪ್ಪಿದ್ದಲ್ಲ. ಎ, ಬಿ, ಓ ರಕ್ತದ ಗುಂಪನ್ನು ತೀರ್ಮಾನಿಸುವುದೂ ಸಕ್ಕರೆಯ ಸರಗಳೇ. ಸುಮಾರು 80% ಜನರಲ್ಲಿ ಅವು ಜೊಲ್ಲಿಗೂ ಬರುತ್ತವೆ, ಉಳಿದವರಲ್ಲಿ ಬರುವುದಿಲ್ಲ. ಒಂದು ಗುಂಪಿನಲ್ಲಿ ಅಕಸ್ಮಾತ್ ಓ ರಕ್ತದವರು ಜಾಸ್ತಿ ಸೇರಿದರೆ, ಝೆಂಗ್‌ನ ವ್ಯತ್ಯಾಸ ಅಂದುಕೊಂಡಿದ್ದು ರಕ್ತದ ಗುಂಪಿನ ವ್ಯತ್ಯಾಸವಾಗಿರಬಹುದು.

ತಾಳೆ ಹಾಕುವುದು ಯಾವುದರ ಜೊತೆ

ಈ ವಿಷಯದ ಗಂಟು ಇರುವುದು ಇಲ್ಲಿ. ಯಾವುದೇ ಹೊಸ ಪರೀಕ್ಷೆಯನ್ನು ನಂಬಬೇಕಾದರೆ ಅದನ್ನು ಗಟ್ಟಿಯಾದ ಉತ್ತರದ ಜೊತೆ ಹೋಲಿಸಬೇಕು. ಕ್ಯಾನ್ಸರಿಗೆ ಆ ಉತ್ತರ ಬಯಾಪ್ಸಿ. ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೇರೆ ಬೇರೆ ವೈದ್ಯರೂ ಬಹುಮಟ್ಟಿಗೆ ಒಂದೇ ಮಾತು ಹೇಳುತ್ತಾರೆ. ಝೆಂಗ್‌ಗೆ ಅಂಥ ಉತ್ತರ ಯಾವುದು? ವೈದ್ಯರ ಅಭಿಪ್ರಾಯವೊಂದೇ.

ಆ ಅಭಿಪ್ರಾಯ ಎಷ್ಟು ಗಟ್ಟಿ? ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಸಂಧಿವಾತದ ರೋಗಿಗಳನ್ನು ಮೂವರು ಚೀನೀ ವೈದ್ಯರಿಗೆ ಬೇರೆ ಬೇರೆಯಾಗಿ ತೋರಿಸಿದರು. 2005ರಲ್ಲಿ ಬಂದ ಫಲಿತಾಂಶದ ಪ್ರಕಾರ, ಇಬ್ಬಿಬ್ಬರು ವೈದ್ಯರ ತೀರ್ಮಾನ ಹೊಂದಿದ್ದು ಸರಾಸರಿ ಮೂರರಲ್ಲಿ ಒಂದು ಸಲದಷ್ಟು ಮಾತ್ರ. ಆಮೇಲಿನ ಅಧ್ಯಯನದಲ್ಲಿ ವೈದ್ಯರಿಗೆ ಮೊದಲೇ ತರಬೇತಿ ಕೊಟ್ಟಾಗ ಹೊಂದಾಣಿಕೆ ತುಂಬಾ ಹೆಚ್ಚಿತು. ಅಂದರೆ ನಿಯಮ ಗಟ್ಟಿ ಮಾಡಿದರೆ ಒಪ್ಪಿಗೆ ಬರುತ್ತದೆ. ಆದರೆ ಒಪ್ಪಿಗೆ ಬಂದ ಮಾತ್ರಕ್ಕೆ ಒಪ್ಪಿದ್ದು ನಿಜ ಅಂತ ಆಗುವುದಿಲ್ಲವಲ್ಲ.

ಈ ಕಾರಣಕ್ಕೇ ಜೊಲ್ಲಿನ ಪ್ರೋಟೀನ್ ಬೇಕು ಅನ್ನುತ್ತಾರೆ ಬೆಂಬಲಿಸುವವರು. ವೈದ್ಯರ ಕಣ್ಣಿಗೆ ಹೊರಗಿನ ಸಾಕ್ಷಿ ಸಿಗಲಿ ಅಂತ. ಆದರೆ ಆ ಸಾಕ್ಷಿಯನ್ನು ತಯಾರು ಮಾಡುವುದೇ ವೈದ್ಯರು ಮಾಡಿದ ಗುಂಪುಗಳಿಂದ. ಗುಂಪು ತಪ್ಪಿದ್ದರೆ ಪ್ರೋಟೀನ್ ಕಲಿಯುವುದೂ ತಪ್ಪನ್ನೇ. ಸುತ್ತಿ ಬಳಸಿ ಅದೇ ಜಾಗಕ್ಕೆ ಬಂದಂತಾಯಿತು.

ಒಂದು ಉದಾಹರಣೆ ನೋಡಿದರೆ ಸ್ಪಷ್ಟವಾಗುತ್ತದೆ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಎಷ್ಟು ಜಾಸ್ತಿ ಅಂದರೆ ಅದಕ್ಕೆ ಆ ಕಡೆಯ ಹಳೆಯ ಹೆಸರು ಹಿಡಿದು ಕ್ಯಾಂಟನ್ ಕ್ಯಾನ್ಸರ್ ಅಂತಲೇ ಹೆಸರು. ಅದಕ್ಕೆ ಮುಖ್ಯ ಚಿಕಿತ್ಸೆ ವಿಕಿರಣ. ಜೊಲ್ಲಿನ ಗ್ರಂಥಿಗಳು ಪಕ್ಕದಲ್ಲೇ ಇರುವುದರಿಂದ ಅವಕ್ಕೂ ಪೆಟ್ಟು ಬೀಳುತ್ತದೆ. ಬಾಯಿ ಒಣಗುತ್ತದೆ, ನಾಲಿಗೆ ಕೆಂಪಾಗಿ ಪದರ ಕಳೆದುಕೊಳ್ಳುತ್ತದೆ. ಚೀನೀ ವೈದ್ಯರು ಇದನ್ನು ಯಿನ್ ಕೊರತೆ ಅನ್ನುತ್ತಾರೆ. ಈಗ ಅವರ ಜೊಲ್ಲು ಪರೀಕ್ಷಿಸಿದರೆ ಪ್ರೋಟೀನುಗಳು ಖಂಡಿತ ಬದಲಾಗಿರುತ್ತವೆ. 'ಯಿನ್ ಕೊರತೆಯ ಗುರುತು ಸಿಕ್ಕಿತು' ಅಂತ ಬರೆಯಬಹುದು. ಆದರೆ ಯಂತ್ರ ಕಂಡದ್ದು ಸುಟ್ಟ ಗ್ರಂಥಿಯನ್ನು. ಅದನ್ನು ತಿಳಿಯಲು ರೋಗಿಯ ಫೈಲ್ ಸಾಕಿತ್ತು. ಹಾಗಾಗಿ ಇಂಥ ಅಧ್ಯಯನ ಓದುವಾಗ ಮೊದಲು ಕೇಳಬೇಕಾದ್ದು ಇದು: ಜೊಲ್ಲು ತೆಗೆದದ್ದು ಚಿಕಿತ್ಸೆಗೆ ಮುಂಚೆಯೋ, ಆಮೇಲೋ?

ಸಾವಿರದಲ್ಲಿ ಐವತ್ತು ಸುಮ್ಮನೆ ಸಿಗುತ್ತವೆ

ಇನ್ನೊಂದು ಬಲೆ ಲೆಕ್ಕದ್ದು. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಆಕಸ್ಮಿಕವಲ್ಲ ಅನ್ನಲು ವಿಜ್ಞಾನಿಗಳು ಸಾಮಾನ್ಯವಾಗಿ 5% ಗೆರೆ ಇಟ್ಟುಕೊಳ್ಳುತ್ತಾರೆ. ಅಂದರೆ ವ್ಯತ್ಯಾಸ ಇಲ್ಲದಿದ್ದರೂ ನೂರರಲ್ಲಿ ಐದು ಸಲ ಇದೆ ಅನ್ನಿಸಿದರೆ ಅಷ್ಟು ತಪ್ಪನ್ನು ಒಪ್ಪಿಕೊಳ್ಳುತ್ತಾರೆ. ಒಂದೇ ಪ್ರೋಟೀನ್ ನೋಡಿದರೆ ಇದು ನಡೆಯುತ್ತದೆ. 1,000 ಪ್ರೋಟೀನ್ ನೋಡಿದರೆ, ಎರಡು ಗುಂಪುಗಳ ನಡುವೆ ಏನೇನೂ ವ್ಯತ್ಯಾಸ ಇಲ್ಲದಿದ್ದರೂ ಸುಮಾರು 50 ಪ್ರೋಟೀನುಗಳು ಆ ಗೆರೆ ದಾಟಿ 'ನಾನಿದ್ದೇನೆ' ಅನ್ನುತ್ತವೆ. ಇದನ್ನು ಸರಿಪಡಿಸುವ ಲೆಕ್ಕಾಚಾರಗಳಿವೆ. ಆದರೆ ಗುಂಪಿನಲ್ಲಿ ಹತ್ತು ಹದಿನೈದು ಜನ ಇದ್ದರೆ ಯಾವ ಲೆಕ್ಕಾಚಾರವೂ ಪೂರ್ತಿ ಕಾಪಾಡುವುದಿಲ್ಲ. ಸಿಕ್ಕ ಗುರುತನ್ನು ಬೇರೆ ಊರಿನ, ಬೇರೆ ಆಸ್ಪತ್ರೆಯ, ಬೇರೆ ವೈದ್ಯರು ನೋಡಿದ ರೋಗಿಗಳಲ್ಲಿ ಮತ್ತೆ ಹುಡುಕಬೇಕು. ಅಲ್ಲಿ ಸಿಗದಿದ್ದರೆ ಬಿಡಬೇಕು.

ಬಾಯಿಯದೇ ಕಾಯಿಲೆಗಳೂ ಅಡ್ಡ ಬರುತ್ತವೆ. ಎಂಆರ್‌ಪಿ14 ಎಂಬ ಪ್ರೋಟೀನ್ ಬಾಯಿ ಕ್ಯಾನ್ಸರಿನಲ್ಲಿ ಏರುತ್ತದೆ. ವಸಡು ಊದಿಕೊಂಡು ರಕ್ತ ಬರುವವರಲ್ಲೂ ಏರುತ್ತದೆ. ಅದು ಉರಿಯೂತದ ಗುರುತು. ಯಾವ ಉರಿಯೂತ ಅಂತ ಅದಕ್ಕೆ ಗೊತ್ತಿಲ್ಲ.

ಪಟ್ಟಿಯಲ್ಲಿ ಸೇರಿದರೆ ಸಾಬೀತಾದಂತೆಯೇ

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಗೆ ಐಸಿಡಿ ಅನ್ನುತ್ತಾರೆ. ಅದರ 11ನೇ ಆವೃತ್ತಿಗೆ 2019ರ ಮೇನಲ್ಲಿ ಒಪ್ಪಿಗೆ ಸಿಕ್ಕಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಮೊದಲ ಸಲ ಸಾಂಪ್ರದಾಯಿಕ ವೈದ್ಯಕ್ಕೆ ಒಂದು ಅಧ್ಯಾಯ ಸೇರಿತು. ಗುಲ್ಮದ ಛೀ ಕೊರತೆಯಂಥ ಝೆಂಗ್‌ಗಳೂ ಈಗ ಅದರಲ್ಲಿವೆ. 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಯ ಭಾಗವನ್ನೂ ದೆಹಲಿಯಲ್ಲಿ ಬಿಡುಗಡೆ ಮಾಡಿದರು. ನಾಲಿಗೆ, ನಾಡಿ ನೋಡುವುದು ನಮ್ಮ ಪಂಡಿತರಿಗೂ ಹೊಸದಲ್ಲವಾದ್ದರಿಂದ ಇಂಥದ್ದೇ ಪ್ರಶ್ನೆಗಳು ಇಲ್ಲಿಗೂ ಬರುತ್ತವೆ.

ಪಟ್ಟಿಯಲ್ಲಿ ಸೇರಿಸಿದ ಮಾತ್ರಕ್ಕೆ ಆ ಪದ್ಧತಿ ವೈಜ್ಞಾನಿಕವಾಗಿ ಸರಿ ಅಂತ ನಾವು ಹೇಳಿದಂತಲ್ಲ ಎಂದು ಆ ಸಂಸ್ಥೆಯೇ ಸ್ಪಷ್ಟ ಮಾಡಿದೆ. ಎಣಿಸಲು ಒಂದು ಹೆಸರು ಬೇಕು, ಅಷ್ಟೇ.

ಕಷಾಯದ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ಚೀನೀ ಮದ್ದಿನ ಪೆಟ್ಟಿಗೆಯಿಂದ ಒಳ್ಳೆಯದು ಬಂದದ್ದಿದೆ. ಹಾರ್ಬಿನ್ ನಗರದ ವೈದ್ಯರು 1970ರ ದಶಕದಲ್ಲಿ ಪಾಷಾಣವನ್ನು ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಬಳಸಿದರು. ಶುದ್ಧ ಮಾಡಿದ ಆರ್ಸೆನಿಕ್ ಟ್ರೈಆಕ್ಸೈಡ್ ಇವತ್ತು ಜಗತ್ತಿನೆಲ್ಲೆಡೆ ಆ ಕ್ಯಾನ್ಸರಿಗೆ ಕೊಡುವ ಔಷಧಿ. ಕೆಟ್ಟದ್ದೂ ಬಂದಿದೆ. ಅರಿಸ್ಟೊಲೋಕಿಯಾ ಜಾತಿಯ ಗಿಡಗಳಲ್ಲಿರುವ ಆಮ್ಲ ಮೂತ್ರಪಿಂಡ ಹಾಳುಮಾಡಿ ಕ್ಯಾನ್ಸರನ್ನೂ ತರುತ್ತದೆ ಅಂತ 1990ರ ದಶಕದಲ್ಲಿ ಬೆಲ್ಜಿಯಂನ ರೋಗಿಗಳಿಂದ ಗೊತ್ತಾಯಿತು. ಎರಡೂ ಸಲ ತೀರ್ಪು ಸಿಕ್ಕಿದ್ದು ಮದ್ದು ತೆಗೆದುಕೊಂಡವರಿಗೆ ಏನಾಯಿತು ಅಂತ ನೋಡಿದಾಗ. ಜೊಲ್ಲಿನ ಪರೀಕ್ಷೆ ಎಷ್ಟೇ ಚೆನ್ನಾಗಿ ಝೆಂಗ್ ಹೇಳಿದರೂ ಕಷಾಯ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ. ಕೀಮೋ ನಡೆಯುತ್ತಿರುವವರು ಯಾವ ಕಷಾಯ ಕುಡಿಯುತ್ತಿದ್ದರೂ ಕ್ಯಾನ್ಸರ್ ವೈದ್ಯರಿಗೆ ಹೇಳಲೇಬೇಕು.

ನಮಗೆ ಹತ್ತಿರದ್ದು: ಅಡಿಕೆ ಮತ್ತು ಬಾಯಿ ಕ್ಯಾನ್ಸರ್

ಜೊಲ್ಲಿನ ಪ್ರೋಟೀನ್ ಅತಿ ಹೆಚ್ಚು ಭರವಸೆ ತೋರಿಸಿರುವುದು ಬಾಯಿ ಕ್ಯಾನ್ಸರಿನಲ್ಲಿ. ಗಡ್ಡೆ ಜೊಲ್ಲಿನಲ್ಲೇ ನೆನೆದಿರುವಾಗ ಗುರುತು ರಕ್ತ ಸುತ್ತಿ ಬರಬೇಕಿಲ್ಲ. ಇದರಲ್ಲಿ ನಮಗೂ ಚೀನಾಕ್ಕೂ ನೇರ ನಂಟಿದೆ. ಹುನಾನ್ ಪ್ರಾಂತ್ಯದ ಶಿಯಾಂಗ್‌ಟಾನ್ ಕಡೆ ಜನ ನಮ್ಮ ಹಾಗೇ ಅಡಿಕೆ ಅಗಿಯುತ್ತಾರೆ. ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಗುರುತಿಸಿದೆ. ಚೀನಾ 2021ರಲ್ಲಿ ಟಿವಿ, ರೇಡಿಯೋ, ಆನ್‌ಲೈನ್ ವಿಡಿಯೋಗಳಲ್ಲಿ ಅಡಿಕೆಯ ಜಾಹೀರಾತು ನಿಲ್ಲಿಸಿತು. ಮಲೆನಾಡಿನವರಿಗೆ ಇದು ಹಿತವಾದ ಸುದ್ದಿಯಲ್ಲ, ಆದರೂ ಸುದ್ದಿ ಸುದ್ದಿಯೇ. ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು.

2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ತಂಡವೊಂದು ಬಾಯಿ ಕ್ಯಾನ್ಸರಿನ 64 ಜನರನ್ನೂ, ಕ್ಯಾನ್ಸರ್ ಇಲ್ಲದ 64 ಜನರನ್ನೂ ಹೋಲಿಸಿತು. ಎಂ2ಬಿಪಿ, ಎಂಆರ್‌ಪಿ14, ಸಿಡಿ59, ಕ್ಯಾಟಲೇಸ್, ಪ್ರೊಫಿಲಿನ್ ಎಂಬ ಐದು ಪ್ರೋಟೀನುಗಳನ್ನು ಒಟ್ಟಿಗೆ ನೋಡಿದಾಗ ಕ್ಯಾನ್ಸರ್ ಇದ್ದವರಲ್ಲಿ 90% ಜನರನ್ನು ಸರಿಯಾಗಿ ಹಿಡಿಯಿತು. ಇಲ್ಲದವರಲ್ಲಿ 83% ಜನರಿಗೆ ಇಲ್ಲ ಅಂತ ಸರಿಯಾಗಿ ಹೇಳಿತು.

ಕೇಳಲು ಚೆನ್ನಾಗಿದೆ. ಈಗ ಅದನ್ನು ಒಂದು ತಾಲ್ಲೂಕಿನ 10,000 ಜನರ ಮೇಲೆ ಹಚ್ಚಿದೆವು, ಅವರಲ್ಲಿ 10 ಜನರಿಗೆ ನಿಜವಾಗಿ ಕ್ಯಾನ್ಸರ್ ಇದೆ ಅಂತ ಇಟ್ಟುಕೊಳ್ಳೋಣ. ಪರೀಕ್ಷೆ ಆ ಹತ್ತರಲ್ಲಿ 9 ಜನರನ್ನು ಹಿಡಿಯುತ್ತದೆ. ಉಳಿದ 9,990 ಜನರಲ್ಲಿ 17%, ಅಂದರೆ ಸುಮಾರು 1,700 ಜನರಿಗೂ ಸುಳ್ಳು ಎಚ್ಚರಿಕೆ ಕೊಡುತ್ತದೆ. 9 ಜನರಿಗಾಗಿ 1,700 ಮನೆಗಳಲ್ಲಿ ನಿದ್ದೆಯಿಲ್ಲ. ಪ್ರಯೋಗಾಲಯದಲ್ಲಿ ಗೆದ್ದದ್ದು ಊರಿಗೆ ಬರಲು ತಡವಾಗುವುದು ಹೀಗೆ. ಬಾಯಿಯಲ್ಲೇ ಇರುವ ಕ್ಯಾನ್ಸರಿನ ಪಾಡು ಇದಾದರೆ, ಹೊಟ್ಟೆಯ ಕ್ಯಾನ್ಸರಿನೊಳಗಿನ ಝೆಂಗ್ ಅನ್ನು ಜೊಲ್ಲಿನಲ್ಲಿ ಹಿಡಿಯುವುದು ಇನ್ನೆಷ್ಟು ದೂರದ ಮಾತು ಅಂತ ಊಹಿಸಬಹುದು. ಹಾಗೆ ಹಿಡಿಯುವ, ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಸುವ ಪರೀಕ್ಷೆ ಇನ್ನೂ ಬಂದಿಲ್ಲ. ಯಾರಾದರೂ ಮಾಡಿಕೊಡುತ್ತೇವೆ ಅಂತ ದುಡ್ಡು ಕೇಳಿದರೆ ಕೊಡುವ ಅಗತ್ಯವಿಲ್ಲ.

ಚೀನಾದಲ್ಲೇ ಈಗ ನಾಲಿಗೆಯ ಫೋಟೋವನ್ನು ಕಂಪ್ಯೂಟರಿಗೆ ಓದಿಸುವ ಕೆಲಸ ಜೋರಾಗಿದೆ. ಹಾಂಗ್‌ಝೌ ನಗರದ ಝೆಜಿಯಾಂಗ್ ಕ್ಯಾನ್ಸರ್ ಆಸ್ಪತ್ರೆಯ ನೇತೃತ್ವದಲ್ಲಿ ಹಲವು ಆಸ್ಪತ್ರೆಗಳು ಸೇರಿ ಮಾಡಿದ ಅಂಥ ಅಧ್ಯಯನ 2023ರಲ್ಲಿ ಬಂತು. ಅಲ್ಲಿ ಕೇಳಿದ್ದು ಹೊಟ್ಟೆ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ, ಝೆಂಗ್ ಯಾವುದು ಅಂತಲ್ಲ. ಹಾಗಾಗಿ ಉತ್ತರವನ್ನು ವೈದ್ಯರ ಅಭಿಪ್ರಾಯದ ಬದಲು ರೋಗದ ಜೊತೆಗೇ ತಾಳೆ ನೋಡಲು ಆಗುತ್ತದೆ. ಇದು ಜಾಣತನದ ದಾರಿ.

ಬಾಯಿ ಕ್ಯಾನ್ಸರಿನ ವಿಷಯದಲ್ಲಿ ಗಟ್ಟಿಯಾಗಿ ಸಾಬೀತಾದ ಪರೀಕ್ಷೆ ನಮ್ಮ ಪಕ್ಕದ ಕೇರಳದಿಂದ ಬಂತು. ತಿರುವನಂತಪುರದ ಪ್ರಯೋಗದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ಕಣ್ಣಲ್ಲೇ ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಕಡಿಮೆಯಾಯಿತು ಅಂತ 2005ರಲ್ಲಿ ವರದಿ ಬಂತು. ಎಲೆ ಅಡಿಕೆ, ಗುಟ್ಕಾ ಹಾಕುವವರ ಬಾಯಲ್ಲಿ ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲು ಆಗದ ಬಿಗಿತ ಇದ್ದರೆ ದಂತವೈದ್ಯರೇ ಸಾಕು, ಮೊದಲು ಅವರಿಗೆ ತೋರಿಸಿ. ಅನುಮಾನ ಬಂದರೆ ಮುಂದಿನ ದಾರಿ ಬಯಾಪ್ಸಿ.